ದಿನಕ್ಕೊಂದು ಗುಳಿಗೆ

ಮದುವೆಯಾಗಿ ಹೊಸದಾಗಿ ಸಿಕಂದರಾಬಾದಿಗೆ ಬಂದ ನಮ್ಮ ಕಡೆಯ ಹೆಣ್ಣುಮಗಳಿಗೆ ಇಲ್ಲಿ ಬುದ್ಧಿ ಹೇಳುವವರಿಗೇನೂ ಕೊರತೆಯಿಲ್ಲ. ಮೋಂಡಾ ಮಾರ್ಕೆಟ್ಟಿಗೆ ಯಾವ ಹೊತ್ತಿಗೆ ಹೋದರೆ ಕಾಯಿಪಲ್ಲೆ ಸೋವಿ, ಜೋಳದ ಹಿಟ್ಟನ್ನು ಎಲ್ಲಿ ಸಣ್ಣಗೆ ಬೀಸಿಕೊಡುತ್ತಾರೆ, ಊರಿಗೆ ಹೋಗಲು ಯಾವ ಗಾಡಿ ಅನುಕೂಲ ಎಂಬುದನ್ನೆಲ್ಲ ನೆರೆಯ ಕನ್ನಡದ ಮನೆಯವರು ಕೇಳುವ ಮೊದಲೇ ಹೇಳುತ್ತಾರೆ. ಆದರೆ "ಇನ್ನೆರಡು ವರ್ಷ ಮಕ್ಕಳು ಬೇಡವೆಂದಿದ್ದೇವೆ, ಏನು ಮಾಡಬೇಕು?" ಎಂಬ ಪ್ರಶ್ನೆ ಬಂತೆಂದರೆ ಎಲ್ಲರ ದನಿಯೂ ಇಳಿಯುತ್ತದೆ. ತಾಯಿ ತವರಿನಲ್ಲಿ ದೂರ. ಅತ್ತೆಯನ್ನು ಕೇಳುವ ಹಾಗಿಲ್ಲ. ಆಸ್ಪತ್ರೆಗೆ ಹೋದರೆ ತೆಲುಗು ಬಾರದು. ಕಡೆಗೆ ಗಂಡನೇ ಔಷಧದ ಅಂಗಡಿಗೆ ಹೋಗಿ, ಜನ ಕರಗುವವರೆಗೆ ಕಾದು ನಿಂತು, ಒಂದು ಪ್ಯಾಕೆಟ್ಟನ್ನು ಕಾಗದದಲ್ಲಿ ಸುತ್ತಿಸಿಕೊಂಡು ಬರುತ್ತಾನೆ. ಅಂಗಡಿಯವನು ಏನೂ ಕೇಳಲಿಲ್ಲ, ಇವನು ಏನೂ ಹೇಳಲಿಲ್ಲ.

ನಾನು ವೈದ್ಯಳಲ್ಲ, ಸರಕಾರಿ ಕಚೇರಿಯ ಗುಮಾಸ್ತೆ. ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕುಳಿತಾಗ ಸಹೋದ್ಯೋಗಿಗಳಿಂದಲೂ, ಸಂಘದ ಕಾರ್ಯಕ್ರಮಗಳಲ್ಲಿ ಎಲೆ ಹಾಕುವ ಹೊತ್ತಿಗೆ ಹೆಣ್ಣುಮಕ್ಕಳಿಂದಲೂ ಈ ಗುಳಿಗೆಯ ಬಗ್ಗೆ ಕೇಳಿದ ಮಾತುಗಳು ಅಷ್ಟಿಷ್ಟಲ್ಲ. ಕೇಳಿದ್ದನ್ನು ತಿಳಿದ ವೈದ್ಯರ ಮುಂದಿಟ್ಟು, ಓದಿ ನೋಡಿದ ಮೇಲೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ನಮ್ಮವರಿಗೆ ಈ ಗುಳಿಗೆಯ ಭಯವೇನೋ ಇದೆ; ಆದರೆ ಅದು ಇರಬೇಕಾದ ಸ್ಥಳದಲ್ಲಿ ಇಲ್ಲ. ಬಂಜೆಯಾಗಿಬಿಡುತ್ತೇವೆ, ದಪ್ಪಗಾಗುತ್ತೇವೆ ಎಂದು ಅಂಜುವವರು ನೂರು ಮಂದಿ. ಗುಳಿಗೆ ಪ್ರಾರಂಭಿಸುವ ಮೊದಲು ರಕ್ತದ ಒತ್ತಡ ನೋಡಿಸಿಕೊಂಡವರನ್ನು ಹುಡುಕಿದರೆ ಬೆರಳೆಣಿಕೆಯಷ್ಟೂ ಸಿಗಲಿಲ್ಲ.

ಈ ಅಂಜಿಕೆಗೂ ಒಂದು ಇತಿಹಾಸವಿದೆ. ಸಂತಾನ ನಿಯಂತ್ರಣದ ಮಾತು ಕನ್ನಡಿಗರಿಗೆ ಹೊಸದೇನೂ ಅಲ್ಲ. ಮೈಸೂರು ಸರಕಾರ 1930ರಲ್ಲೇ ತನ್ನ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಸಲಹಾ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತ್ತು. ಇಡೀ ದೇಶದ ಕುಟುಂಬ ಯೋಜನೆ ಪ್ರಾರಂಭವಾದದ್ದು 1952ರಲ್ಲಿ, ಎಂದರೆ ಇಪ್ಪತ್ತು ವರ್ಷಗಳ ಮೇಲೆ. ಗುಳಿಗೆ ಬಂದದ್ದು ಇನ್ನೂ ತಡವಾಗಿ. ಅಮೆರಿಕದಲ್ಲಿ 1960ರಲ್ಲಿ ಎನೋವಿಡ್ ಎಂಬ ಗುಳಿಗೆಗೆ ಒಪ್ಪಿಗೆ ದೊರೆಯಿತು. ಅದರ ಪರೀಕ್ಷೆ ನಡೆದದ್ದು ಬಹುಮಟ್ಟಿಗೆ ಪೋರ್ಟೊರಿಕೋ ದ್ವೀಪದ ಬಡ ಹೆಂಗಸರ ಮೇಲೆ. ಅದರಲ್ಲಿ ಹಾರ್ಮೋನಿನ ಪ್ರಮಾಣ ಈಗಿನದಕ್ಕೆ ಹೋಲಿಸಿದರೆ ಬಹಳ ಹೆಚ್ಚು: ಈಸ್ಟ್ರೋಜೆನ್ ವರ್ಗದ ಹಾರ್ಮೋನೇ 0.15 ಮಿಲಿಗ್ರಾಂ. ಇಂದು ನಮ್ಮ ಸರಕಾರ ಕೊಡುವ ಮಾಲಾ-ಎನ್ ಗುಳಿಗೆಯಲ್ಲಿ ಅದು 0.03 ಮಿಲಿಗ್ರಾಂ. ವಾಂತಿ, ತಲೆಸುತ್ತು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಎಂದು ನಮ್ಮ ಅಜ್ಜಿಯಂದಿರ ಕಾಲದಲ್ಲಿ ಕೇಳಿಬಂದ ಮಾತು ಸುಳ್ಳಾಗಿರಲಿಲ್ಲ. 1970ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಈ ಗುಳಿಗೆಯ ವಿಚಾರಣೆ ನಡೆದಾಗ, ಗುಳಿಗೆ ನುಂಗುವ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆದಿಲ್ಲವೆಂದು ತರುಣಿಯರು ಸಭೆಯಲ್ಲೇ ಎದ್ದುನಿಂತು ಕೂಗಾಡಿದರು. ಆ ವರ್ಷದಿಂದ ಅಲ್ಲಿ ಪ್ಯಾಕೆಟ್ಟಿನೊಳಗೆ ಅಪಾಯಗಳನ್ನು ತಿಳಿಸುವ ಚೀಟಿ ಇಡಬೇಕಾಯಿತು. ಇಂದು ನಾವು ಪ್ಯಾಕೆಟ್ಟು ಬಿಚ್ಚಿದೊಡನೆ ಆ ಸಣ್ಣ ಅಕ್ಷರದ ಚೀಟಿಯನ್ನೇ ಮೊದಲು ಬಿಸಾಡುತ್ತೇವೆ! ಅದು ಕನ್ನಡದಲ್ಲಿ ಸಿಗುವುದು ಅಪರೂಪ ಎಂಬುದೂ ನಿಜವೇ.

ಗುಳಿಗೆ ಮಾಡುವ ಕೆಲಸವೇನೆಂದರೆ, ಅದರಲ್ಲಿರುವ ಎರಡು ಹಾರ್ಮೋನುಗಳು ತಿಂಗಳಿಗೊಮ್ಮೆ ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತವೆ. ಗರ್ಭಕೋಶದ ಬಾಯಲ್ಲಿನ ದ್ರವವನ್ನೂ ಮಂದ ಮಾಡುತ್ತವೆ. ಮಾಲಾ-ಎನ್ ಪ್ಯಾಕೆಟ್ಟಿನಲ್ಲಿ 28 ಗುಳಿಗೆಗಳಿರುತ್ತವೆ. 21ರಲ್ಲಿ ಹಾರ್ಮೋನು; ಬೇರೆ ಬಣ್ಣದ 7ರಲ್ಲಿ ಬರೀ ಕಬ್ಬಿಣಾಂಶ. ಮುಟ್ಟಾದ ಮೊದಲ ಐದು ದಿನಗಳೊಳಗೆ ಪ್ರಾರಂಭಿಸಿದರೆ ಅಂದಿನಿಂದಲೇ ರಕ್ಷಣೆ. ತಡವಾಗಿ ಪ್ರಾರಂಭಿಸಿದರೆ, ಗರ್ಭ ನಿಂತಿಲ್ಲವೆಂದು ಖಚಿತಪಡಿಸಿಕೊಂಡು, ಮೊದಲ ಏಳು ದಿನ ನಿರೋಧ್ ಕೂಡ ಬಳಸಬೇಕು. ಕಬ್ಬಿಣದ ಗುಳಿಗೆಗಳ ವಾರದಲ್ಲಿ ಮುಟ್ಟು ಬರುತ್ತದೆ. ಅದು ನಿಂತಿರಲಿ ಬಿಡಲಿ, ಇಪ್ಪತ್ತೆಂಟು ಮುಗಿದ ಮರುದಿನ ಹೊಸ ಪ್ಯಾಕೆಟ್ಟು ಬಿಚ್ಚಲೇಬೇಕು.

ಲೆಕ್ಕಕ್ಕೆ ಇಷ್ಟೇ. ಎಡವುವುದೆಲ್ಲ "ದಿನವೂ" ಎಂಬ ಮಾತಿನಲ್ಲಿ. ಒಂದು ದಿನವೂ ತಪ್ಪದಂತೆ ನುಂಗಿದರೆ ವರ್ಷದಲ್ಲಿ ನೂರು ಹೆಂಗಸರಲ್ಲಿ ಒಬ್ಬಳಿಗೂ ಗರ್ಭ ನಿಲ್ಲುವುದಿಲ್ಲ ಎನ್ನಬಹುದು. ಆದರೆ ಸಾಮಾನ್ಯವಾಗಿ ಸಂಸಾರವಂದಿಗರು ನುಂಗುವ ರೀತಿಯಲ್ಲಿ, ಎಂದರೆ ಅಲ್ಲೊಂದು ಇಲ್ಲೊಂದು ಮರೆತು ನುಂಗಿದಾಗ, ನೂರರಲ್ಲಿ ಸುಮಾರು ಏಳು ಮಂದಿಗೆ ನಿಲ್ಲುತ್ತದೆ. ಗುಳಿಗೆ ಅದೇ, ವ್ಯತ್ಯಾಸವೆಲ್ಲ ಮರೆವಿನದು. ನಮ್ಮ ಕಚೇರಿಯ ಹಾಜರಿ ಪುಸ್ತಕದಲ್ಲಾದರೂ ವರ್ಷಕ್ಕೆ ಕೆಲವು ಸಾಂದರ್ಭಿಕ ರಜೆಗಳಿವೆ. ಈ ಹಾಜರಿಗೆ ರಜೆಯೇ ಇಲ್ಲ.

ಈ ಊರಿನಲ್ಲಿ ವಿಶೇಷವಾಗಿ ಕಾಣುವ ಒಂದು ತೊಡಕಿದೆ. ಇಲ್ಲಿನ ಕನ್ನಡದ ಗಂಡಸರಲ್ಲಿ ರೈಲ್ವೆಯವರು, ಸೈನ್ಯದವರು, ತಿಂಗಳಲ್ಲಿ ಹದಿನೈದು ದಿನ ಕ್ಯಾಂಪಿನಲ್ಲಿರುವವರು ಬಹಳ. ಕಲಬುರ್ಗಿ ಕಡೆಯ ಒಬ್ಬ ತಂಗಿ ನನ್ನೆದುರು ನಗುತ್ತ ಹೇಳಿದಳು: "ವೈನಿ, ಅವರು ಊರಾಗ ಇಲ್ಲದಾಗ ಗುಳಿಗಿ ಯಾಕ ನುಂಗಬೇಕ್ರಿ? ಸುಮ್ನ ದಂಡ. ಅವರು ಬರೂ ಹಿಂದಿನ ದಿನದಿಂದ ಚಾಲೂ ಮಾಡ್ತೀನಿ." ಅವಳಿಗೆ ಇದನ್ನು ಹಾಗೆ ಹೇಳಿಕೊಟ್ಟವಳು ಅವಳಿಗಿಂತ ಹತ್ತು ವರ್ಷ ದೊಡ್ಡವಳು. ಇದು ಜಿಪುಣತನವೂ ಅಲ್ಲ, ದಡ್ಡತನವೂ ಅಲ್ಲ. ತಲೆನೋವು ಬಂದಾಗ ತಲೆನೋವಿನ ಗುಳಿಗೆ ಎಂಬ ನಮ್ಮ ರೂಢಿಯ ಲೆಕ್ಕವೇ ಇಲ್ಲಿಯೂ. ಆದರೆ ಈ ಗುಳಿಗೆ ಆ ರಾತ್ರಿಯ ಮಟ್ಟಿಗೆ ಕೆಲಸ ಮಾಡುವುದಲ್ಲ. ಅಂಡಕೋಶವನ್ನು ನಿದ್ದೆಗೆ ಹಾಕಲು ಒಂದರ ಹಿಂದೆ ಒಂದರಂತೆ ಏಳು ದಿನದ ಗುಳಿಗೆಗಳು ಬೇಕು. ಹಾಕಿದ ಮೇಲೆ ಎಚ್ಚರವಾಗದಂತೆ ಉಳಿದವು ಬೇಕು. ನಡುವೆ ಹತ್ತು ದಿನ ಬಿಟ್ಟು ಮತ್ತೆ ಪ್ರಾರಂಭಿಸುವವಳು ತಿಂಗಳುಗಟ್ಟಲೆ ಗುಳಿಗೆ ನುಂಗಿಯೂ ರಕ್ಷಣೆಯಿಲ್ಲದೆಯೇ ಇದ್ದಾಳು. ಗಂಡ ಅಪರೂಪಕ್ಕೆ ಮನೆಗೆ ಬರುವವನಾದರೆ ನಿರೋಧ್ ಸಾಕು, ಇಲ್ಲವೆ ಕಾಪರ್-ಟಿ ಹಾಕಿಸಿಕೊಳ್ಳುವುದು ಲೇಸು. ನಮ್ಮ ಕಡೆ ಹಿಂದೆ ವಂಕಿ ಎನ್ನುತ್ತಿದ್ದರಲ್ಲ, ಅದರ ಸುಧಾರಿಸಿದ ರೂಪ ಇದು. ಗುಳಿಗೆಯೇ ಬೇಕೆಂದರೆ ಗಂಡ ಕ್ಯಾಂಪಿನಲ್ಲಿದ್ದರೂ ದಿನವೂ ನುಂಗಬೇಕು.

ಇನ್ನು ಮರೆತಾಗ ಏನು ಮಾಡಬೇಕು? ಹಾರ್ಮೋನಿನ ಒಂದು ಗುಳಿಗೆ ಮರೆತಿದ್ದರೆ ನೆನಪಾದ ಕ್ಷಣವೇ ನುಂಗಿ, ಆ ದಿನದ್ದನ್ನು ಎಂದಿನ ಹೊತ್ತಿಗೆ ನುಂಗಿ. ಒಂದೇ ದಿನ ಎರಡಾದರೂ ಚಿಂತೆಯಿಲ್ಲ. ಎರಡು ಅಥವಾ ಹೆಚ್ಚು ದಿನ ಸತತವಾಗಿ ತಪ್ಪಿದ್ದರೆ, ಕಡೆಯದಾಗಿ ಮರೆತದ್ದೊಂದನ್ನು ಕೂಡಲೇ ನುಂಗಿ, ಉಳಿದ ಮರೆತವನ್ನು ಬಿಟ್ಟು ಯಥಾಪ್ರಕಾರ ಮುಂದುವರಿಸಿ. ಆದರೆ ಏಳು ದಿನ ನಿರೋಧ್ ಬಿಡಬೇಡಿ. ಹೀಗೆ ತಪ್ಪಿದ್ದು ಹಾರ್ಮೋನಿನ ಮೂರನೆಯ ವಾರದಲ್ಲಾದರೆ ಕಬ್ಬಿಣದ ಏಳನ್ನು ಬಿಟ್ಟು ನೇರವಾಗಿ ಹೊಸ ಪ್ಯಾಕೆಟ್ಟಿಗೆ ಹೋಗಿ. ಮೊದಲನೆಯ ವಾರದಲ್ಲಾಗಿ, ಹಿಂದಿನ ಐದು ದಿನಗಳಲ್ಲಿ ಗಂಡಹೆಂಡಿರು ಕೂಡಿದ್ದರೆ ತಡಮಾಡದೆ ವೈದ್ಯರನ್ನು ಕೇಳಬೇಕು. ಕಬ್ಬಿಣದ ಗುಳಿಗೆ ಮರೆತರೆ ಏನೂ ಆಗದು, ಎಸೆದುಬಿಡಿ. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಒಂದು ದಿನಕ್ಕೂ ಮೀರಿ ಜೋರಾಗಿ ಭೇದಿಯಾದರೆ ಅದನ್ನೂ ಮರೆತ ದಿನವೆಂದೇ ಲೆಕ್ಕಕ್ಕೆ ಹಿಡಿಯಿರಿ.

ಎಲ್ಲಕ್ಕಿಂತ ಕೆಟ್ಟ ಮರೆವು ಹೊಸ ಪ್ಯಾಕೆಟ್ಟನ್ನು ತಡವಾಗಿ ಪ್ರಾರಂಭಿಸುವುದು. ಏಕೆಂದರೆ ಕಬ್ಬಿಣದ ವಾರದಲ್ಲಿ ಹಾರ್ಮೋನಿಲ್ಲದೆ ಏಳು ದಿನ ಆಗಲೇ ಕಳೆದಿರುತ್ತವೆ. ಅದಕ್ಕೆ ಇನ್ನೆರಡು ಸೇರಿದರೆ ಅಂಡಕೋಶ ಎಚ್ಚತ್ತುಕೊಳ್ಳಲು ಸಾಕು. ಇದು ಆಗುವುದು ಸಾಮಾನ್ಯವಾಗಿ ಊರಿಗೆ ಹೋದಾಗ. ಕಾಚಿಗುಡದಲ್ಲಿ ರಾತ್ರಿಯ ಗಾಡಿ ಹತ್ತುವ ಗಡಿಬಿಡಿಯಲ್ಲಿ ಮಕ್ಕಳ ಸ್ವೆಟರು, ಅತ್ತೆಗೆ ಕರಾಚಿ ಬಿಸ್ಕತ್ತು, ಎಲ್ಲ ನೆನಪಿರುತ್ತದೆ. ಪ್ಯಾಕೆಟ್ಟು ಮಾತ್ರ ಇಲ್ಲಿನ ಕಪಾಟಿನಲ್ಲಿ ಉಳಿಯುತ್ತದೆ. ಊರಿನಲ್ಲಿ ಅಂಗಡಿಗೆ ಯಾರನ್ನು ಕಳಿಸುವುದು? ಮೈದುನನನ್ನೇ? ಆದಕಾರಣ ಕೈಚೀಲದಲ್ಲಿ ಸದಾ ಒಂದು ಹೆಚ್ಚಿನ ಪ್ಯಾಕೆಟ್ಟು ಇರಲಿ.

ಅಂಗಡಿಯ ವಿಷಯಕ್ಕೆ ಬಂದರೆ ಅಲ್ಲಿ "ಆ ಗುಳಿಗೆ" ಎಂದು ಪಿಸುಗುಟ್ಟಿದರೆ ನಾಲ್ಕು ಬೇರೆಬೇರೆ ವಸ್ತುಗಳಲ್ಲಿ ಯಾವುದು ಬೇಕಾದರೂ ಕೈಗೆ ಬಂದೀತು. ಮೊದಲನೆಯದು ನಾವು ಹೇಳುತ್ತಿರುವ ದಿನದ ಗುಳಿಗೆ. ಐ-ಪಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾದ ತುರ್ತಿನ ಗುಳಿಗೆ ಬೇರೆ. ಕೂಡಿದ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಒಂದು ಸಲಕ್ಕೆ ಮಾತ್ರ. ಅದನ್ನೇ ತಿಂಗಳಿಗೆ ಮೂರು ನಾಲ್ಕು ಸಲ ನುಂಗುವ ತರುಣಿಯರಿದ್ದಾರೆ. ಅದು ದಿನದ ಗುಳಿಗೆಯಷ್ಟು ಕಾಪಾಡುವುದಿಲ್ಲ, ಮುಟ್ಟಿನ ಲೆಕ್ಕವನ್ನೂ ಕೆಡಿಸುತ್ತದೆ. ಗರ್ಭಪಾತದ ಗುಳಿಗೆಗಳಂತೂ ಬೇರೆಯೇ. ವೈದ್ಯರು ನೋಡದೆ ಅವನ್ನು ಮುಟ್ಟಲೇ ಕೂಡದು.

ನಾಲ್ಕನೆಯದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಪರಿಚಿತ. ವರಮಹಾಲಕ್ಷ್ಮಿಗೋ, ತಿರುಪತಿ ಯಾತ್ರೆಗೋ, ನಾದಿನಿಯ ಮದುವೆಗೋ ಮುಟ್ಟು ಮುಂದೂಡಲು ತರುವ ನಾರ್‌ಎಥಿಸ್ಟೆರೋನ್. ಈ ವಸ್ತುವನ್ನು ಮೊದಲು ತಯಾರಿಸಿದ್ದು 1951ರಲ್ಲಿ, ಮೆಕ್ಸಿಕೋ ನಗರದ ಪ್ರಯೋಗಶಾಲೆಯೊಂದರಲ್ಲಿ. ಮುಂದೆ ಗರ್ಭನಿರೋಧಕ ಗುಳಿಗೆಗಳಲ್ಲೂ ಅದು ಸೇರಿತು. ಆ ಸಂಬಂಧದಿಂದಲೋ ಏನೋ, ಹಬ್ಬಕ್ಕೆ ನುಂಗಿದ ಈ ಗುಳಿಗೆ ಗರ್ಭವನ್ನೂ ತಡೆಯುತ್ತದೆಂಬ ನಂಬಿಕೆ ಬಲವಾಗಿದೆ. ಮುಟ್ಟು ಮುಂದೂಡಲು ನಾಲ್ಕಾರು ದಿನ ನುಂಗುವಾಗ ಅದನ್ನು ಗರ್ಭನಿರೋಧಕವೆಂದು ನೆಚ್ಚಬಾರದು. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು ಅದನ್ನೂ ಕೇಳದೆ ನುಂಗಬಾರದು. ದಿನದ ಗುಳಿಗೆ ನುಂಗುವವಳಿಗೆ ಹಬ್ಬಕ್ಕೆಂದು ಬೇರೆ ಗುಳಿಗೆಯೇ ಬೇಕಿಲ್ಲ: ಕಬ್ಬಿಣದ ಏಳನ್ನು ಬಿಟ್ಟು ಹೊಸ ಪ್ಯಾಕೆಟ್ಟಿನ ಹಾರ್ಮೋನಿನ ಗುಳಿಗೆಗಳನ್ನು ಮುಂದುವರಿಸಿದರೆ ಮುಟ್ಟು ಮುಂದೆ ಹೋಗುತ್ತದೆ. ಹಬ್ಬಕ್ಕೆ ಮುಟ್ಟು ಮುಂದೂಡುವುದು ಸರಿಯೋ ಅಲ್ಲವೋ ಎಂಬ ಚರ್ಚೆಯನ್ನು ಹಿರಿಯರಿಗೇ ಬಿಡುತ್ತೇನೆ.

ಈಗ ಭಯ ಇರಬೇಕಾದ ಸ್ಥಳಕ್ಕೆ ಬರೋಣ. ಮಾಲಾ-ಎನ್‌ನಂಥ ಗುಳಿಗೆ ನುಂಗದ ಹತ್ತು ಸಾವಿರ ತರುಣಿಯರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ನುಂಗುವ ಹತ್ತು ಸಾವಿರದಲ್ಲಿ ಐದರಿಂದ ಏಳು ಮಂದಿಗೆ. ಮೊಡವೆ ಹೋಗುತ್ತದೆಂದು ಪ್ರಚಾರವಾಗುವ ಡ್ರೋಸ್ಪಿರೆನೋನ್ ಮೊದಲಾದ ಹೊಸ ಬಗೆಯವುಗಳಲ್ಲಿ ಒಂಬತ್ತರಿಂದ ಹನ್ನೆರಡು. ಬಸುರಿ ಬಾಣಂತಿಯರಲ್ಲಿ ಈ ಅಪಾಯ ಗುಳಿಗೆಯವರಿಗಿಂತಲೂ ಹೆಚ್ಚು. ಸಾಮಾನ್ಯ ಆರೋಗ್ಯದ ಹೆಂಗಸಿಗೆ ಇದು ಸಣ್ಣ ಅಪಾಯವೇ ಸರಿ. ಕೆಲವರಿಗೆ ಮಾತ್ರ ಸಣ್ಣದಲ್ಲ, ಮತ್ತು ಆ ಕೆಲವರು ಯಾರೆಂದು ತಿಳಿಯಲು ಐದು ನಿಮಿಷದ ಪ್ರಶ್ನೆಗಳು ಸಾಕು. ಅಂಗಡಿಯಲ್ಲಿ ಕೇಳದೆ ಹೋದದ್ದು ಆ ಐದು ನಿಮಿಷವನ್ನೇ.

ರಕ್ತದೊತ್ತಡ 140/90 ಅಥವಾ ಅದಕ್ಕೆ ಮೀರಿ ಇದ್ದವರಿಗೆ ಈ ಗುಳಿಗೆ ತಕ್ಕುದಲ್ಲ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಇಲ್ಲವೆ ಹೃದಯಾಘಾತವಾದವರು, ಸ್ತನದ ಕ್ಯಾನ್ಸರ್ ಬಂದವರು, ಯಕೃತ್ತಿನ ತೀವ್ರ ಕಾಯಿಲೆಯವರು, ಮೂವತ್ತೈದು ದಾಟಿ ಬೀಡಿ ಸಿಗರೇಟು ಸೇದುವವರು ಇದರ ಗೊಡವೆಗೇ ಹೋಗಬಾರದು. ಬಹುಕಾಲದ ಸಕ್ಕರೆ ಕಾಯಿಲೆಯವರೂ ಕೇಳದೆ ಪ್ರಾರಂಭಿಸಬಾರದು. ನಮ್ಮವರಿಗೆ ಹೊಳೆಯದೇ ಇರುವುದು ತಲೆನೋವಿನ ಸಂಗತಿ. ಅರೆತಲೆನೋವು ಬರುವ ಮುನ್ನ ಕಣ್ಣಮುಂದೆ ಅಂಕುಡೊಂಕಾದ ಬೆಳಕು ಮಿನುಗುವುದು, ದೃಷ್ಟಿಯಲ್ಲಿ ಒಂದು ಭಾಗ ಮಸುಕಾಗುವುದು, ಕೈ ಜುಮ್ಮೆನ್ನುವುದು, ಇವು ಉಳ್ಳವರಿಗೆ ಈ ಗುಳಿಗೆಯಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಹುಬ್ಬಳ್ಳಿಯಿಂದ ಬಂದ ನಮ್ಮ ನೆರೆಯ ಸೊಸೆಯೊಬ್ಬಳಿಗೆ ಹದಿನಾರನೆಯ ವರ್ಷದಿಂದ ಹೀಗೆ ಬೆಳಕು ಕಾಣುತ್ತಿತ್ತು. ಆರು ತಿಂಗಳು ಗುಳಿಗೆ ನುಂಗಿದಳು. ತಲೆನೋವು ಹೆಚ್ಚಾದಾಗ ದೃಷ್ಟಿ ತೆಗೆಸಿದರು, ಕನ್ನಡಕ ಕೊಡಿಸಿದರು. ಕೊನೆಗೊಬ್ಬ ವೈದ್ಯೆ "ಬೇರೇನಾದರೂ ಗುಳಿಗೆ ತೆಗೆದುಕೊಳ್ಳುತ್ತೀಯೇನಮ್ಮಾ?" ಎಂದು ಕೇಳಿದರು. ಗುಳಿಗೆ ಬಿಡಿಸಿ ಕಾಪರ್-ಟಿ ಹಾಕಿದರು. ಅದನ್ನು ಕೇಳದೆ ಹೋಗಿದ್ದರೆ ಎಂದು ಅವಳ ಅತ್ತೆ ಈಗಲೂ ಎದೆ ಮುಟ್ಟಿಕೊಳ್ಳುತ್ತಾರೆ.

ಬಾಣಂತಿಯರ ಮಾತು ಬೇರೆಯಾಗಿ ಹೇಳಬೇಕು. ತವರಿನಲ್ಲಿ ಬಾಣಂತನ ಮುಗಿಸಿ ನಮ್ಮ ಹೆಣ್ಣುಮಕ್ಕಳು ಇಲ್ಲಿಗೆ ಮರಳುವುದು ಮೂರನೆಯ ಇಲ್ಲವೆ ಐದನೆಯ ತಿಂಗಳಲ್ಲಿ; ಗುಳಿಗೆಯ ಯೋಚನೆ ಬರುವುದೂ ಆಗಲೇ. ಮೊಲೆಯೂಡಿಸುವ ತಾಯಿ ಮೊದಲ ಆರು ವಾರ ಇದನ್ನು ಸರ್ವಥಾ ನುಂಗಬಾರದು. ಆರು ತಿಂಗಳವರೆಗೂ ಬೇಡವೆಂಬುದೇ ಸಲಹೆ. ಆ ಕಾಲಕ್ಕೆ ಛಾಯಾ ಎಂಬ ಗುಳಿಗೆ ಇದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು, ಹಾರ್ಮೋನಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಅದು ತಕ್ಕುದೇ ಎಂದು ವೈದ್ಯರೇ ಹೇಳಬೇಕು.

ಗುಳಿಗೆ ನುಂಗುವಾಗ ಒಂದೇ ಕಾಲು ಬಾತು ನೋಯುವುದು, ಎದೆನೋವು, ಏದುಸಿರು, ಹಿಂದೆಂದೂ ಕಾಣದಂಥ ತಲೆನೋವು, ಕಣ್ಣು ಮಂಜಾಗುವುದು, ತೊದಲು, ತಡೆಯಲಾರದ ಹೊಟ್ಟೆನೋವು, ಇವುಗಳಲ್ಲಿ ಯಾವುದು ಕಂಡರೂ ಗುಳಿಗೆ ನಿಲ್ಲಿಸಿ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನಾಳೆ ಆದಿತ್ಯವಾರ, ನಾಡಿದ್ದು ನೋಡೋಣ ಎನ್ನಬಾರದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಮೊದಲಾದವು ಗುಳಿಗೆಯ ಬಲವನ್ನು ತಗ್ಗಿಸುತ್ತವೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಸೇರುವಾಗಲೂ, ಬೇರೆ ಕಾಯಿಲೆಗೆ ಔಷಧ ಬರೆಸಿಕೊಳ್ಳುವಾಗಲೂ "ಈ ಗುಳಿಗೆ ನುಂಗುತ್ತಿದ್ದೇನೆ" ಎಂದು ಬಾಯಿಬಿಟ್ಟು ಹೇಳಬೇಕು. ವೈದ್ಯರ ಮುಂದೆ ನಾಚಿಕೆ ದುಬಾರಿ.

ಅಂಜಬೇಕಿಲ್ಲದ ಕಡೆ ಅಂಜುವುದನ್ನು ಬಿಡೋಣ. ಗುಳಿಗೆ ಬಿಟ್ಟ ಕೆಲವೇ ತಿಂಗಳುಗಳಲ್ಲಿ ಬಹುಮಂದಿಗೆ ಅಂಡ ಬಿಡುಗಡೆ ಮೊದಲಿನಂತಾಗುತ್ತದೆ. ವರ್ಷದೊಳಗೆ ಬಸುರಾಗುವವರ ಪ್ರಮಾಣ ಗುಳಿಗೆ ನುಂಗದವರಷ್ಟೇ. ಎಷ್ಟು ವರ್ಷ ನುಂಗಿದರೂ ಇದರಿಂದ ಬಂಜೆತನ ಬರುವುದಿಲ್ಲ. ನಡುನಡುವೆ ತಿಂಗಳುಗಟ್ಟಲೆ "ವಿಶ್ರಾಂತಿ" ಕೊಡಬೇಕೆಂಬ ಮಾತೂ ಹುರುಳಿಲ್ಲದ್ದು. ಆ ವಿಶ್ರಾಂತಿಯಲ್ಲೇ ಬಸುರಾದವರುಂಟು. ಮೈ ಬೆಳೆಯುವುದಕ್ಕೆ ಗುಳಿಗೆಯೇ ಕಾರಣವೆಂದು ಪರೀಕ್ಷೆಗಳಲ್ಲಿ ಸಿದ್ಧವಾಗಿಲ್ಲ. ಮದುವೆಯಾದ ವರ್ಷದ ಹೋಳಿಗೆ ತುಪ್ಪವನ್ನೂ ವಿಚಾರಿಸಬೇಕು. ಮೊದಲ ಎರಡು ಮೂರು ತಿಂಗಳು ಓಕರಿಕೆ, ನಡುವೆ ಕಲೆ ಕಾಣುವುದು, ಎದೆ ಬಿಗಿತ ಇರಬಹುದು. ರಾತ್ರಿ ಊಟವಾದ ಮೇಲೆ ನುಂಗಿದರೆ ಓಕರಿಕೆ ತಗ್ಗುತ್ತದೆ. ಕಲೆ ಕಂಡಿತೆಂದು ನಿಲ್ಲಿಸಬಾರದು. ಮುಟ್ಟಿನ ರಕ್ತ ಕಡಿಮೆಯಾಗುವುದು ರಕ್ತಹೀನತೆಯ ನಮ್ಮ ಹೆಂಗಸರಿಗೆ ಲಾಭವೇ. ಅಂಡಕೋಶದ ಮತ್ತು ಗರ್ಭಕೋಶದ ಕ್ಯಾನ್ಸರ್ ಈ ಗುಳಿಗೆಯಿಂದ ಕಡಿಮೆಯಾಗುತ್ತದೆ. ಸ್ತನದ ಕ್ಯಾನ್ಸರ್ ನುಂಗುವ ಕಾಲದಲ್ಲಿ ಸ್ವಲ್ಪ ಹೆಚ್ಚು, ಬಿಟ್ಟ ಮೇಲೆ ಕ್ರಮೇಣ ಇಳಿಯುತ್ತದೆ. ಎರಡನ್ನೂ ಹೇಳುವುದೇ ಪ್ರಾಮಾಣಿಕ.

2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 37.9 ಮಂದಿ ಆಪರೇಷನ್ ಮಾಡಿಸಿಕೊಂಡವರು, ಗುಳಿಗೆಯವರು 5.1. ಆಪರೇಷನ್ ಮಾಡಿಸಿಕೊಂಡ ಗಂಡಸರ ಲೆಕ್ಕ ನೂರಕ್ಕೆ 0.3! ಎರಡು ಮಕ್ಕಳ ನಡುವೆ ಅಂತರವೆಂಬ ವಿಚಾರವೇ ನಮ್ಮಲ್ಲಿ ದುರ್ಬಲ. ಬೇಗ ಬೇಗ ಎರಡು ಹೆತ್ತು ಇಪ್ಪತ್ತೈದರೊಳಗೆ ಆಪರೇಷನ್ನಿಗೆ ಸಾಲು ನಿಲ್ಲುವುದು ದಕ್ಷಿಣದವರ ಪದ್ಧತಿಯಾಗಿಬಿಟ್ಟಿದೆ. ಓದುತ್ತಿರುವ, ಕೆಲಸಕ್ಕೆ ಸೇರಿರುವ ಸೊಸೆಯರಿಗೆ ಈ ದಾರಿಯೊಂದೇ ಅಲ್ಲ.

ಮಾಲಾ-ಎನ್, ಛಾಯಾ ಎರಡೂ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಧರ್ಮಾರ್ಥ. ಹೈದರಾಬಾದಿನಲ್ಲಿ 2018ರಿಂದ ಬಸ್ತಿ ದವಾಖಾನೆಗಳು ತೆರೆದಿವೆ. ರಕ್ತದೊತ್ತಡ ನೋಡಿಸಲು ಅಲ್ಲಿಗೆ ಹೋದರೂ ಸಾಕು. ಹೆಚ್ಚಿನ ಪರೀಕ್ಷೆಗೆ ಗಾಂಧಿ ಆಸ್ಪತ್ರೆಯಿದೆ, ರೈಲ್ವೆಯವರಿಗೆ ಲಾಲಾಗುಡದ ಆಸ್ಪತ್ರೆಯಿದೆ. ತೆಲುಗಿನ ನಾಲ್ಕು ಮಾತು ಕಲಿತು ಹೋದರೆ ಅರ್ಧ ಕೆಲಸವಾಯಿತು: ಮುಟ್ಟಿಗೆ ನೆಲಸರಿ, ಹೆರಿಗೆಗೆ ಕಾನ್ಪು, ತಲೆನೋವಿಗೆ ತಲನೊಪ್ಪಿ. "ಬಿಡ್ಡಕು ಪಾಲು ಇಸ್ತುನ್ನಾನು" ಎಂದರೆ ಮಗುವಿಗೆ ಹಾಲೂಡಿಸುತ್ತಿದ್ದೇನೆ ಎಂದು; ಪಾಲು ಎಂದಾಕ್ಷಣ ಆಸ್ತಿಯ ಮಾತೆಂದು ಗಂಡಂದಿರು ಗಾಬರಿಯಾಗಬೇಕಿಲ್ಲ. ಅವರೂ ಜೊತೆಗೆ ಹೋಗಿ ಬೆಂಚಿನ ಮೇಲೆ ಕುಳಿತರೆ ಒಳ್ಳೆಯದೇ. ಈಗಾಗಲೇ ನುಂಗುತ್ತಿರುವವರು ಆ ಪ್ಯಾಕೆಟ್ಟನ್ನೂ ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ. ಹೆಸರನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ.